ಮ್ಯಾಚ್ ಬುಕ್ಕಿನ ಕ್ಯಾಪ್ಟನ್

ನನ್ನ ಅಪ್ಪ ಬದುಕಿಡೀ ಬರೆದದ್ದು ಕೋರ್ಟಿನ ಕಾಗದಪತ್ರ. ತಮ್ಮದೆಂದು ಬರೆದದ್ದು ಒಂದೇ ಒಂದು ನೋಟ್‌ಬುಕ್, ಅದೂ ಇಪ್ಪತ್ತು ವರ್ಷದವರಾಗಿದ್ದಾಗ, ಫುಟ್‌ಬಾಲ್ ಬಗ್ಗೆ. ಕಳೆದ ಶತಮಾನದ ಇಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕರಾವಳಿಯ ಒಂದು ಮಿಷನ್ ಕಾಲೇಜಿನ ಟೀಮಿಗೆ ಅವರು ಒಂದು ಸೀಸನ್ ಕ್ಯಾಪ್ಟನ್ ಆಗಿದ್ದರು. ಆಟ ಮುಗಿದ ಸಂಜೆಯೇ ಕ್ಯಾಪ್ಟನ್ ಆದವನು ಆಟದ ವರದಿ ಬರೆದಿಡಬೇಕು ಎಂದು ಆಟೋಟ ನೋಡಿಕೊಳ್ಳುತ್ತಿದ್ದ ಪಾದ್ರಿಗಳ ಕಟ್ಟಳೆ. ಅದನ್ನು ಮ್ಯಾಚ್ ಬುಕ್ ಎನ್ನುತ್ತಿದ್ದರು.

ಆ ಪಾದ್ರಿಗಳ ಇನ್ನೆರಡು ಕಟ್ಟಳೆಗಳಿದ್ದವು. ಬರೆಯುವಾಗ 'ನಾನು' ಎನ್ನಬಾರದು. ಯಾರ ಹೆಸರನ್ನೂ ಬರೆಯಬಾರದು. ಹೆಸರು ಬರೆದರೆ ಜಾತಿ ಬರೆದ ಹಾಗೆ, ಮನೆತನ ಬರೆದ ಹಾಗೆ. ಮೈದಾನದಲ್ಲಿ ಇರುವುದು ಹನ್ನೊಂದು ಜಾಗಗಳು ಮಾತ್ರ ಎಂದು ಅವರು ಹೇಳುತ್ತಿದ್ದರಂತೆ. ಆದ್ದರಿಂದ ಅಪ್ಪನ ಪುಸ್ತಕದಲ್ಲಿ ಗೋಲ್‌ಕೀಪರ್ ಇದ್ದಾನೆ, ಎಡ ಅಂಚಿನಲ್ಲಿ ಓಡುವ ಲೆಫ್ಟ್ ಔಟ್ ಇದ್ದಾನೆ, ಹನ್ನೊಂದರ ಹೊರಗೆ ಕಾದಿರುವ ರಿಸರ್ವ್ ಇದ್ದಾನೆ. ಅಪ್ಪ ತಮ್ಮನ್ನು ತಾವೇ 'ಕ್ಯಾಪ್ಟನ್' ಎಂದು ಬೇರೆ ಯಾರೋ ಎಂಬಂತೆ ಬರೆದಿದ್ದಾರೆ. ಭಾಷೆ ಇಂಗ್ಲಿಷ್. ಅಕ್ಷರ ಮಾತ್ರ, ನಮ್ಮ ಕಾನ್ವೆಂಟಿನ ಸಿಸ್ಟರುಗಳು ನೋಡಿದ್ದರೆ ಬೋರ್ಡಿಗೆ ಅಂಟಿಸಿಡುತ್ತಿದ್ದರು, ಅಂಥ ಪೆನ್‌ಮನ್‌ಶಿಪ್.

ಸೀಸನ್ನಿನ ಮೊದಲ ಆಟ ಹಂಚಿನ ಕಾರ್ಖಾನೆಯ ಕೆಲಸಗಾರರ ಜೊತೆ. ಮೂರು ಗೋಲಿನಿಂದ ಸೋತರು. 'ಅವರು ಹಗಲಿಡೀ ಮಣ್ಣು ತುಳಿದು ಬಂದವರು. ನಾವು ಹಗಲಿಡೀ ಬೆಂಚಿನ ಮೇಲೆ ಕುಳಿತು ಬಂದವರು. ಸೋಲು ನ್ಯಾಯವಾದದ್ದು' ಎಂದು ಅಪ್ಪ ಬರೆದಿದ್ದಾರೆ. ಆಮೇಲೆ ಕಣ್ಣಾನೂರಿಗೆ ರೈಲಿನಲ್ಲಿ ಹೋಗಿ ಗೋರರ ಪಲ್ಟನ್ನಿನ ಮೇಲೆ ಆಡಿದರು. ಅವರಿಗೆ ಬೂಟು, ಇವರಿಗೆ ಬರಿಗಾಲು, ಕಣಕಾಲಿಗೆ ಬಟ್ಟೆಯ ಪಟ್ಟಿ. ಬೂಟಿನ ಕೆಳಗೆ ಸಿಕ್ಕಿ ಲೆಫ್ಟ್ ಔಟ್‌ನ ಹೆಬ್ಬೆರಳು ಒಡೆಯಿತು. ರಿಸರ್ವ್ ಹುಡುಗ ಓಡಿ ಬಂದು, ತಾನು ಉಟ್ಟಿದ್ದ ಹೊಸ ಪಂಚೆಯ ಅಂಚನ್ನೇ ಹರಿದು ಕಟ್ಟಿದ. ಆಟ ಸಮ ಸಮ ಆಯಿತು.

ಈ ರಿಸರ್ವ್‌ನ ಬಗ್ಗೆ ಒಂದು ಮಾತು ಹೇಳಬೇಕು. ಆತ ಇಡೀ ಸೀಸನ್ನಿನಲ್ಲಿ ಒಂದು ಆಟವನ್ನೂ ಆಡಲಿಲ್ಲ. ಎಲ್ಲರ ಬಟ್ಟೆ ಕಾಯುತ್ತಿದ್ದ, ಚೆಂಡಿನ ಬ್ಲ್ಯಾಡರಿಗೆ ಗಾಳಿ ತುಂಬುತ್ತಿದ್ದ, ರೈಲಿನಲ್ಲಿ ತನ್ನ ಮನೆಯ ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚುತ್ತಿದ್ದ. ಆ ವರ್ಷದ ಚೆಂಡು, ಜರ್ಸಿ ಎಲ್ಲ ಆತನ ಮನೆಯಿಂದಲೇ ಬಂದದ್ದು. ಚೆಂಡು ಹಡಗಿನಲ್ಲಿ ಬರುತ್ತಿದ್ದ ಕಾಲ ಅದು. ಚೆಂಡು ಕೊಟ್ಟ ಮನೆಯ ಹುಡುಗ ಟೀಮಿನ ಫೋಟೋದಲ್ಲಿ ನಡುವಿನ ಕುರ್ಚಿಯಲ್ಲಿ, ಚೆಂಡನ್ನು ಕಾಲ ಬಳಿ ಇಟ್ಟುಕೊಂಡು ಕುಳಿತುಕೊಳ್ಳುವುದು ಆ ಕಾಲೇಜಿನ ವಾಡಿಕೆ. ಆಗ ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದ್ದರಿಂದ ಯಾರೂ ಎಲ್ಲಿಯೂ ಬರೆದಿಡಲಿಲ್ಲ. ಫೋಟೋದಲ್ಲಿ ಅಪ್ಪ ಹಿಂದಿನ ಸಾಲಿನಲ್ಲಿ, ಎಡದಿಂದ ಎರಡನೆಯವರಾಗಿ ನಿಂತಿದ್ದಾರೆ. 'ನಿಮಗೆ ಬೇಸರ ಆಗಲಿಲ್ವಾ ಅಪ್ಪ?' ಎಂದು ಒಮ್ಮೆ ಕೇಳಿದ್ದೆ. 'ಎಂತ ಬೇಸರ? ಪಾಪ, ಅವ ಒಂದು ದಿನವಾದರೂ ಚೆಂಡು ಮುಟ್ಟಲಿ' ಎಂದು ನಕ್ಕಿದ್ದರು.

ಕೊನೆಯ ಆಟ ಮದ್ರಾಸಿನಲ್ಲಿ. ಒಂದು ಗೋಲಿನಿಂದ ಹಿಂದಿದ್ದಾಗ ಇವರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಬೇಕಾದವರು ಕ್ಯಾಪ್ಟನ್. ಲೆಫ್ಟ್ ಔಟ್‌ನ ತಂದೆ ತೀರಿಕೊಂಡು ತಿಂಗಳಾಗಿತ್ತಷ್ಟೆ. ಆ ಹುಡುಗ ಆಡುತ್ತಲೂ ಅಳುತ್ತಿದ್ದನಂತೆ. ಕ್ಯಾಪ್ಟನ್ ಚೆಂಡನ್ನು ಅವನ ಕೈಗೆ ಕೊಟ್ಟರು. ಅವನು ಕಂಬದ ಹೊರಗೆ ಹೊಡೆದ. ಅಲ್ಲಿಗೆ ಸೀಸನ್ ಮುಗಿಯಿತು. ಪುಸ್ತಕದ ಕೊನೆಯ ಸಾಲನ್ನು ನಾನು ಕಣ್ಣು ಮುಚ್ಚಿಯೂ ಓದಬಲ್ಲೆ: 'ಚೆಂಡು ಲೆಫ್ಟ್ ಔಟ್‌ನ ಕಾಲಿನಿಂದ ಹೊರಗೆ ಹೋಯಿತು, ಆದರೆ ತಪ್ಪು ಕ್ಯಾಪ್ಟನ್‌ನದು, ಇದನ್ನು ಯಾರೂ ಮರೆಯಬಾರದು.'

ಮನೆಯಲ್ಲಿ ಅಪ್ಪ ಮಾತಿನವರಲ್ಲ. ಕೋರ್ಟಿನಿಂದ ಬಂದು, ಕೋಟು ತೂಗುಹಾಕಿ, ಸುಮ್ಮನೆ ಕುಳಿತುಬಿಡುತ್ತಿದ್ದರು. ನಾಲ್ಕು ಹೆಣ್ಣುಮಕ್ಕಳಲ್ಲಿ ನಾನು ಕೊನೆಯವಳು, ಕಾನ್ವೆಂಟಿಗೆ ಹೋದವಳೂ ನಾನೊಬ್ಬಳೇ. ಇಂಗ್ಲಿಷ್ ಕೂಡಿಸಿ ಓದಲು ಬಂದ ದಿನ ಅವರು ಈ ಪುಸ್ತಕವನ್ನು ಹೊರತೆಗೆದರು. ನಾನು ಓದುವುದು, ಅವರು ಉಚ್ಚಾರ ತಿದ್ದುವುದು. ಆ ಪುಟಗಳಲ್ಲಿ ನನಗೆ ಸಿಕ್ಕಿದ ಅಪ್ಪ ಹೊರಗೆ ಎಲ್ಲಿಯೂ ಸಿಗಲಿಲ್ಲ. ಮದುವೆಯಾಗಿ ಹೊರಟಾಗ ಅದನ್ನು ನನ್ನ ಟ್ರಂಕಿನಲ್ಲಿ ಅವರೇ ಇಟ್ಟರು. ರಟ್ಟು ಗೆದ್ದಲು ತಿಂದು ಹೋಗಿತ್ತು. ನಾನು ಉಳಿದ ರಟ್ಟಿಗೆ ಗೋಂದು ಸವರಿ ಕಂದು ಕಾಗದದ ಹೊದಿಕೆ ಹಾಕಿ, ಶಾಲೆಯ ಪುಸ್ತಕಕ್ಕೆ ಅಂಟಿಸುವಂತೆ ಲೇಬಲ್ ಅಂಟಿಸಿ, ಅದರ ಮೇಲೆ ಅವರ ಪೂರ್ತಿ ಹೆಸರು ಬರೆದೆ. ಇಡೀ ಪುಸ್ತಕದಲ್ಲಿ ಅವರ ಹೆಸರು ಇದ್ದದ್ದು ಆ ಒಂದು ಲೇಬಲ್ಲಿನಲ್ಲಿ ಮಾತ್ರ.

ನನ್ನ ಮಗ ಕತೆ ಕೇಳಿ ಬೆಳೆದದ್ದು ಇದರಿಂದಲೇ. ಬೇರೆ ಮಕ್ಕಳು ರಾಜರಾಣಿಯ ಕತೆ ಕೇಳಿದರೆ ಇವನು 'ಅಮ್ಮ, ಕಣ್ಣಾನೂರು' ಎನ್ನುತ್ತಿದ್ದ. ಹೆಬ್ಬೆರಳು ಒಡೆಯುವ ಜಾಗ ಬಂದಾಗ ತನ್ನ ಕಾಲನ್ನು ಕೈಯಲ್ಲಿ ಮುಚ್ಚಿಕೊಳ್ಳುತ್ತಿದ್ದ.

ಗಂಡ ತೀರಿಕೊಂಡ ಮೇಲೆ ಮಗ ನನ್ನನ್ನು ದುಬೈಗೆ ಕರೆಸಿಕೊಂಡ. ಅಲ್ ಕುಸೈಸಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಸೊಸೆ ಆಸ್ಪತ್ರೆಯಲ್ಲಿ, ಮೊಮ್ಮಗಳು ಶಾಲೆಯಲ್ಲಿ. ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿ, ಮಡಚಿ, ಮೆಟ್ರೋ ಹೋಗುವುದನ್ನು ನೋಡುತ್ತ ಇರುತ್ತಿದ್ದೆ. ಕಂಪ್ಲೇಂಟ್ ಏನೂ ಇರಲಿಲ್ಲ. ಮಗನ ವೀಸಾಕ್ಕೆ ಸ್ಪಾನ್ಸರ್ ಅವನ ಕಂಪನಿ, ನನ್ನ ವೀಸಾಕ್ಕೆ ಸ್ಪಾನ್ಸರ್ ಮಗ. ಒಂದರ ಮೇಲೊಂದು ನಿಂತ ಡಬ್ಬಿಗಳ ಹಾಗೆ ನಾವಿದ್ದೆವು. ಕಂಪನಿಯ ಮಾಲೀಕರು ನಮ್ಮ ಕಡೆಯವರೇ, ಉಡುಪಿ ಹತ್ತಿರದವರು. ಅಪ್ಪನ ಕಾಲೇಜಿನಲ್ಲೇ ಕಲಿತವರು. ಆ ಕಾಲೇಜಿನ ಹಳೆ ವಿದ್ಯಾರ್ಥಿಗಳ ಇಲ್ಲಿಯ ಸಂಘಕ್ಕೆ ಅವರೇ ಅಧ್ಯಕ್ಷರು.

ಆ ವರ್ಷ ಸಂಘದವರು ಫುಟ್‌ಬಾಲ್ ಟೂರ್ನಮೆಂಟ್ ಇಟ್ಟುಕೊಂಡರು, ಜೊತೆಗೊಂದು ಸ್ಮರಣ ಸಂಚಿಕೆ, ಸೊವೆನಿರ್. ಮಗ ಆಫೀಸಿನಿಂದ ಬಂದವನೇ ನನ್ನ ಪಕ್ಕದಲ್ಲಿ ಕುಳಿತ.

'ಅಮ್ಮ, ಅಜ್ಜನ ಮ್ಯಾಚ್ ಬುಕ್ ಕೊಡ್ತೀರಾ? ಸೊವೆನಿರಿಗೆ ಹಾಕುವ. ಸ್ಕ್ಯಾನ್ ಮಾಡಿ ಕೊಡ್ತೇನೆ.'

'ಎಲ್ಲ ಹಾಕ್ತಾರಾ? ಪೂರ್ತಿ?'

'ಪೂರ್ತಿ. ಎಂಟು ಪೇಜ್ ಇಟ್ಟಿದ್ದಾರೆ.'

'ಹೆಸರು ಬರ್ತದಾ? ಅದರೊಳಗೆ ಎಲ್ಲಿಯೂ ಇಲ್ಲ ನೋಡು. ನೀನು ಹೇಳಿ ಹಾಕಿಸ್ಬೇಕು.'

'ಆಯ್ತು ಅಮ್ಮ, ಎಂತಕ್ಕೆ ಅಷ್ಟು ಟೆನ್ಶನ್?'

ನನಗೆ ಬೇಕಾದದ್ದು ಅಷ್ಟೇ. ನಾನೂ ಎಪ್ಪತ್ತೈದು ದಾಟಿದ್ದೆ. ನನ್ನ ನಂತರ ಆ ನೋಟ್‌ಬುಕ್ ಯಾರದೆಂದು ಹೇಳುವವರಿಲ್ಲ. ಒಮ್ಮೆ, ಒಂದು ಕಡೆ, ಆ ಆಟಗಳ ಮೇಲೆ ಅಪ್ಪನ ಹೆಸರು ಅಚ್ಚಾಗಲಿ. ಪುಸ್ತಕವನ್ನು ಎರಡು ಕೈಯಲ್ಲಿ ಕೊಟ್ಟೆ.

ಒಂದು ಶುಕ್ರವಾರ ಮಧ್ಯಾಹ್ನ ಅಲ್ ಮುರಕ್ಕಬಾತಿನ ಒಂದು ರೆಸ್ಟೋರೆಂಟಿನ ಹಾಲಿನಲ್ಲಿ ಸೊವೆನಿರ್ ಬಿಡುಗಡೆ, ಊಟ. ನಾನು ಮೈಸೂರು ಸಿಲ್ಕ್ ಉಟ್ಟುಕೊಂಡು ಹೋದೆ. 'ಅಜ್ಜಿ, ಯೂ ಲುಕ್ ಲೈಕ್ ಎ ಚೀಫ್ ಗೆಸ್ಟ್' ಎಂದಳು ಮೊಮ್ಮಗಳು. ಹಾಲಿನಲ್ಲಿ ತುಳು, ಕೊಂಕಣಿ, ಕನ್ನಡ, ಇಂಗ್ಲಿಷ್ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು. ಹಿಂದಿನ ಟೇಬಲಿನಲ್ಲಿ ಯಾರೋ 'ಯಲ್ಲಾ ಮಾರಾಯ, ಭಾಷಣ ಖಲಾಸ್ ಮಾಡಿ, ಕೋರಿ ರೊಟ್ಟಿ ತಣಿತಾ ಉಂಟು' ಎನ್ನುತ್ತಿದ್ದರು.

ಪರದೆಯ ಮೇಲೆ ಆ ಹಳೆಯ ಫೋಟೋ ಮೂಡಿತು. ನಡುವಿನ ಕುರ್ಚಿಯವನ ಸುತ್ತ ಕೆಂಪು ವೃತ್ತ. ನಿರೂಪಕಿ ಓದಿದಳು: 'ನಮ್ಮ ಅಧ್ಯಕ್ಷರ ಅಜ್ಜನವರು, ಅಂದಿನ ಟೀಮಿನ ಕ್ಯಾಪ್ಟನ್, ತಮ್ಮ ಕೈಯಾರೆ ಬರೆದ ಮ್ಯಾಚ್ ಬುಕ್...' ಆಮೇಲೆ ಹಂಚಿನ ಕಾರ್ಖಾನೆ, ಕಣ್ಣಾನೂರು, ಹೆಬ್ಬೆರಳು, ಮದ್ರಾಸು. ಒಂದೊಂದು ವಾಕ್ಯವೂ ನನಗಿಂತ ಅರ್ಧ ಕ್ಷಣ ಹಿಂದೆ ಬರುತ್ತಿತ್ತು. ನನ್ನ ತುಟಿ ಆಗಲೇ ಅಲ್ಲಾಡುತ್ತಿತ್ತು.

'ಬಟ್ ದಟ್ಸ್ ಅವರ್ಸ್!' ಎಂದಳು ಮೊಮ್ಮಗಳು, ಸ್ವಲ್ಪ ಗಟ್ಟಿಯಾಗಿಯೇ. 'ದಟ್ಸ್ ಮುತ್ತಜ್ಜಾಸ್ ಬುಕ್!'

ಮಗ ಅವಳ ಕೈ ಅಮುಕಿ ಹಿಡಿದ. ನನ್ನ ಕಡೆ ತಿರುಗಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ಹೇಳಿದ: 'ಪ್ರಿಂಟಿಂಗಿನವರದ್ದು ಮಿಸ್ಟೇಕ್ ಅಮ್ಮ. ಬಾಸ್ ಫೋಟೋ ಕಳಿಸಿದ್ದರು, ನಾನು ಪುಸ್ತಕ ಕಳಿಸಿದ್ದೆ. ಅವರು ಎರಡನ್ನೂ ಸೇರಿಸಿ ಬಿಟ್ಟಿದ್ದಾರೆ. ಚೆಂಡಿನ ಹತ್ತಿರ ಕೂತವ ಕ್ಯಾಪ್ಟನ್ ಅಂತ ಯಾರಾದ್ರೂ ಎಣಿಸುದೇ ಅಲ್ವಾ?'

'ಪುಸ್ತಕ ಎಲ್ಲಿ?'

'ಆಫೀಸಿನಲ್ಲಿ ಉಂಟು. ತರ್ತೇನೆ.'

ನಂಬಿದೆ. ನಂಬುವುದು ಸುಲಭವಾಗಿತ್ತು, ಆ ವಾಡಿಕೆ ಗೊತ್ತಿಲ್ಲದವರು ಮಾಡುವ ತಪ್ಪೇ ಅದು. ಆದರೆ ಒಂದು ವಾರವಾಯಿತು, ಎರಡಾಯಿತು, ಪುಸ್ತಕ ಬರಲಿಲ್ಲ. ಕೇಳಿದಾಗಲೆಲ್ಲ 'ನಾಳೆ ಅಮ್ಮ'. ಕೊನೆಗೆ ನಾನೇ ಹೋಗುವುದೆಂದು ನಿಶ್ಚಯಿಸಿದೆ. ತಪ್ಪು ಯಾರದ್ದಾದರೂ ಇರಲಿ, ನಯವಾಗಿ ಹೇಳಿದರೆ ದೊಡ್ಡವರು ಕೇಳುತ್ತಾರೆ. ಡೀಸೆಂಟಾಗಿ ಮಾತಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಗ ಅಬುಧಾಬಿಯ ಸೈಟಿಗೆ ಹೋಗಿದ್ದ ದಿನ, ಬೆಳಿಗ್ಗೆ, ಹೆಂಗಸರೇ ಓಡಿಸುವ ಗುಲಾಬಿ ಟಾಪಿನ ಟ್ಯಾಕ್ಸಿ ತರಿಸಿಕೊಂಡು ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿದ್ದ ಅವನ ಆಫೀಸಿಗೆ ಹೋದೆ.

ಮಾಲೀಕರು ಎದ್ದು ಬಾಗಿಲಿಗೇ ಬಂದರು. ಐವತ್ತೈದರ ಆಸುಪಾಸಿನವರು, ದಪ್ಪ ಕನ್ನಡಕ, ಸಂಕೋಚದ ನಗು. ನಾನು ಎಣಿಸಿಕೊಂಡು ಹೋಗಿದ್ದ ಮನುಷ್ಯ ಇವರಲ್ಲ.

'ಅಯ್ಯೋ ಅಮ್ಮ, ನೀವು ಎಂತಕ್ಕೆ ಬರ್ಲಿಕ್ಕೆ ಹೋದ್ರಿ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ. ನಾನೇ ನಿಮ್ಮ ಕಾಲಿಗೆ ಬೀಳ್ಬೇಕಾದವ.'

ನನಗೆ ಏನೂ ಅರ್ಥವಾಗಲಿಲ್ಲ. ಚಹಾ ಬಂತು. ಅವರು ಡ್ರಾಯರಿನಿಂದ ಒಂದು ರೇಷ್ಮೆ ಬಟ್ಟೆಯ ಗಂಟನ್ನು ತೆಗೆದು, ದೇವರ ಪೆಟ್ಟಿಗೆ ಬಿಚ್ಚುವ ಹಾಗೆ ಬಿಚ್ಚಿದರು.

'ನಾನು ಅಜ್ಜೆರನ್ನು ನೋಡ್ಲೇ ಇಲ್ಲ ಅಮ್ಮ. ಅಪ್ಪನಿಗೂ ಸರಿ ನೆನಪಿಲ್ಲ, ಸಣ್ಣದಿರುವಾಗ್ಲೇ ತೀರಿಕೊಂಡದ್ದು. ನಮ್ಮಲ್ಲಿ ಇದ್ದದ್ದು ಆ ಫೋಟೋ ಒಂದೇ. ನಿಮ್ಮ ಮಗ ಇದನ್ನು ತಂದು ಕೊಟ್ಟು, "ಸರ್, ನಮ್ಮ ಸಂಬಂಧಿಕರ ಮನೆಯ ಅಟ್ಟದಲ್ಲಿತ್ತು, ಫೋಟೋ ನೋಡಿದ ಮೇಲೆ ಗೊತ್ತಾಯ್ತು, ಇದು ನಿಮ್ಮ ಅಜ್ಜೆರದ್ದೇ" ಅಂತ ಹೇಳಿದಾಗ, ಸತ್ಯ ಹೇಳ್ತೇನೆ, ನಾನು ಈ ಟೇಬಲಿನಲ್ಲೇ ತಲೆಯಿಟ್ಟು ಅತ್ತೆ.'

ನಾನು ಪುಸ್ತಕವನ್ನು ನೋಡಿದೆ. ಕಂದು ಕಾಗದದ ಹೊದಿಕೆ ಇರಲಿಲ್ಲ. ಲೇಬಲ್ ಇರಲಿಲ್ಲ. ಗೆದ್ದಲು ತಿಂದ ರಟ್ಟಿನ ಅಂಚು ಬೆತ್ತಲೆಯಾಗಿ ಕಾಣುತ್ತಿತ್ತು. ಐವತ್ತು ವರ್ಷ ಹಳೆಯ ಅಂಟು. ಅದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಬ್ಲೇಡಿಟ್ಟು, ನಿಧಾನವಾಗಿ, ಹಾಳೆ ಹರಿಯದ ಹಾಗೆ ಯಾರೋ ಕೂತು ಬಿಡಿಸಿರಬೇಕು. ಯಾರೋ ಏನು? ಆ ಹಾಳೆ ಹರಿಯಬಾರದೆಂದು ಅಷ್ಟು ಜತನ ಮಾಡುವವನು ಈ ಊರಿನಲ್ಲಿ ಒಬ್ಬನೇ ಇದ್ದ.

'ಪ್ರತಿ ಶುಕ್ರವಾರ ಊರಿಗೆ ಫೋನ್ ಹಚ್ಚಿ ಅಪ್ಪನಿಗೆ ಓದಿ ಹೇಳ್ತೇನೆ' ಎಂದರು ಅವರು. 'ಮಲಗಿದಲ್ಲೇ ಇದ್ದಾರೆ. ಆ ಕೊನೆಯ ಸಾಲು, ತಪ್ಪು ಕ್ಯಾಪ್ಟನ್‌ನದು ಅಂತ, ಅದನ್ನು ಮೂರು ಮೂರು ಸಲ ಓದಿಸ್ತಾರೆ. ಎಂಥ ಮನುಷ್ಯ ಅಲ್ವಾ ಅಮ್ಮ?'

'ಹೌದು' ಎಂದೆ. 'ಎಂಥ ಮನುಷ್ಯ.'

'ಮತ್ತೆ ಆ ರಿಸರ್ವ್!' ಅವರು ನಗಲು ಶುರು ಮಾಡಿದರು. 'ಪಾಪ, ಅವ ಒಂದು ಆಟವೂ ಆಡ್ಲಿಲ್ಲ. ಬಟ್ಟೆ ಕಾಯುದು, ಬುತ್ತಿ ಹೊರುದು. ಮದ್ರಾಸಿಗೂ ಬಟ್ಟೆ ಕಾಯ್ಲಿಕ್ಕೇ ಹೋದದ್ದು! ಅಪ್ಪನಿಗೆ ಅವನ ವಿಷಯ ಬಂದ್ರೆ ನಗು ತಡೀಲಿಕ್ಕೆ ಆಗುದಿಲ್ಲ.'

ಅವರು ನಗುತ್ತಿದ್ದದ್ದು ತಮ್ಮ ಅಜ್ಜನಿಗೇ, ಚೆಂಡು ಕೊಟ್ಟ ಮನೆಯ ಆ ಹುಡುಗನಿಗೆ. ಹೊಸ ಪಂಚೆ ಹರಿದು ಗೆಳೆಯನ ಕಾಲಿಗೆ ಕಟ್ಟಿದ ಹುಡುಗ ಆ ಪುಸ್ತಕದೊಳಗೇ ಇದ್ದ, ಪುಟ ಪುಟದಲ್ಲೂ ಇದ್ದ. ನನ್ನ ಅಪ್ಪ ಅವನನ್ನು ಪ್ರೀತಿಯಿಂದ ಬರೆದಿಟ್ಟಿದ್ದರು. ಮೊಮ್ಮಗ ಅವನನ್ನು ದಾಟಿಕೊಂಡು ಹೋಗಿ ಇನ್ಯಾರ ಮುಂದೆಯೋ ಕೈಮುಗಿದು ನಿಂತಿದ್ದರು. ನನ್ನ ಮಗ ಇಬ್ಬರು ಅಜ್ಜಂದಿರನ್ನು ಅವರವರ ಮನೆಯವರಿಂದ ಒಂದೇ ಬ್ಲೇಡಿನಲ್ಲಿ ಬೇರ್ಪಡಿಸಿದ್ದ.

ಹೇಳಬೇಕಿತ್ತು. ವಾಕ್ಯ ರೆಡಿಯಾಗಿಯೇ ಇತ್ತು. ಆಗ ಅವರು ಕನ್ನಡಕ ಒರೆಸಿಕೊಳ್ಳುತ್ತ ಅಂದರು: 'ಈ ತಿಂಗಳು ಆಫೀಸಿನಲ್ಲಿ ಹನ್ನೊಂದು ಜನರನ್ನು ಕಳಿಸ್ಬೇಕಾಯ್ತು ಅಮ್ಮ. ಮಾರ್ಕೆಟ್ ಹಾಗುಂಟು. ನಿಮ್ಮ ಮಗನ ಹೆಸರೂ ಇತ್ತು ಲಿಸ್ಟಿನಲ್ಲಿ, ನಿಮ್ಮತ್ರ ಮುಚ್ಚಿಡುದು ಎಂತಕ್ಕೆ. ನಾನೇ ತೆಗೆಸಿದೆ. ಇಂಥ ಉಪಕಾರ ಮಾಡಿದವನನ್ನು ಕಳಿಸ್ಲಿಕ್ಕೆ ಆಗ್ತದಾ?'

ಚಹಾ ಕಪ್ಪನ್ನು ಸಾಸರಿನ ಮೇಲಿಟ್ಟೆ. ಸದ್ದಾಗದಂತೆ ಇಡುವುದನ್ನು ಸಿಸ್ಟರುಗಳು ಕಲಿಸಿದ್ದರು.

'ಅಲ್ಲ ಅಮ್ಮ, ನಿಮ್ಮ ತಂದೆಯವರೂ ಅದೇ ಟೀಮಿನಲ್ಲಿ ಇದ್ದರಂತಲ್ಲ? ನಿಮ್ಮ ಮಗ ಹೇಳಿದ. ಯಾವ ಪೊಸಿಷನ್ ಅವರದ್ದು?'

ಗೆದ್ದಲು ತಿಂದ ಆ ರಟ್ಟನ್ನು ನಾನು ರೇಷ್ಮೆ ಬಟ್ಟೆಯ ಅಂಚಿನಿಂದ ಮುಚ್ಚಿದೆ.

'ರಿಸರ್ವ್' ಎಂದೆ.

ಅವರ ಮುಖ ಕೆಂಪಾಯಿತು. 'ಅಯ್ಯೋ ಅಮ್ಮ, ನನಗೆ ಗೊತ್ತಿರ್ಲಿಲ್ಲ, ಕ್ಷಮಿಸಿ, ನಾನು ಎಂತೆಂತದ್ದೋ ನಗಾಡಿಬಿಟ್ಟೆ...'

'ಇರಲಿ' ಎಂದೆ. 'ಅವರನ್ನು ನಗಾಡ್ಬೇಡಿ. ತುಂಬ ಒಳ್ಳೆ ಮನುಷ್ಯ. ಊರಲ್ಲಿ ನಿಮ್ಮ ಅಪ್ಪನಿಗೂ ಹೇಳಿ.'

ನನ್ನಿಂದ ಆದದ್ದು ಅಷ್ಟು. ಅವರ ನಿಜವಾದ ಅಜ್ಜನಿಗೆ ಅಷ್ಟಾದರೂ ಮರ್ಯಾದೆ ಕೊಡಿಸಿದೆ. ಹೊರಡುವಾಗ ಅವರು ಒಂದು ಸ್ಪೈರಲ್ ಬೈಂಡಿಂಗ್ ಮಾಡಿದ ಕಲರ್ ಜೆರಾಕ್ಸ್ ತಂದು ನನ್ನ ಕೈಯಲ್ಲಿಟ್ಟರು. 'ನಿಮ್ಮ ತಂದೆಯೂ ಇದರಲ್ಲಿ ಇದ್ದಾರಲ್ಲ ಅಮ್ಮ. ನಿಮ್ಮತ್ರ ಒಂದು ಇರ್ಲಿ.' ನಾನು ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ.

ಸಂಜೆ ಅಬುಧಾಬಿಯಿಂದ ಬಂದ ಮಗ ಊಟದ ಮೇಜಿನ ಮೇಲಿದ್ದ ಜೆರಾಕ್ಸನ್ನು ಕಂಡು ನಿಂತಲ್ಲೇ ನಿಂತ. ಶೂಸು ಕೂಡ ಬಿಚ್ಚಿರಲಿಲ್ಲ.

'ಆಫೀಸಿಗೆ ಹೋಗಿದ್ರಾ?'

'ಹೋಗಿದ್ದೆ.'

'ಹೇಳಿದ್ರಾ?'

ನಾನು ಅವನ ಮುಖ ನೋಡಿದೆ. ಅದರಲ್ಲಿ ನಾಚಿಕೆ ಇದೆಯೇ ಎಂದು ಹುಡುಕಿದೆ. ಹೆದರಿಕೆ ಇತ್ತು. ಬರಿಯ ಹೆದರಿಕೆ.

'ಇಲ್ಲ. ನನ್ನ ಅಪ್ಪ ರಿಸರ್ವ್ ಅಂತ ಹೇಳಿ ಬಂದೆ.'

ಅದರ ಅರ್ಥ ಅವನಿಗೆ ತಿಳಿಯದೆ ಇರುತ್ತದೆಯೇ? ಆ ಪುಸ್ತಕ ಅವನಿಗೆ ಬಾಯಿಪಾಠ. ಕುರ್ಚಿ ಎಳೆದು ಕುಳಿತ. 'ಲಿಸ್ಟಿನಲ್ಲಿ ನನ್ನ ಹೆಸರಿತ್ತು ಅಮ್ಮ. ಮೂವತ್ತು ದಿನದಲ್ಲಿ ಎಲ್ಲ ಕಟ್ಟಿಕೊಂಡು ಹೋಗ್ಬೇಕಿತ್ತು. ಮಗಳಿಗೆ ಬೋರ್ಡ್ ಎಕ್ಸಾಮ್. ನಿಮ್ಮ ಮಾತ್ರೆ, ನಿಮ್ಮ ಡಾಕ್ಟರ್. ನಾನು ಎಂತ ಮಾಡ್ಬೇಕಿತ್ತು?'

'ನನ್ನನ್ನು ಕೇಳ್ಬೇಕಿತ್ತು.'

'ಕೇಳಿದ್ರೆ ಕೊಡ್ತಿದ್ರಾ?'

ಕೊಡುತ್ತಿದ್ದೆನೋ ಏನೋ. ಅವನು ಕೇಳಿದ್ದರೆ, 'ಅಮ್ಮ, ಕುತ್ತಿಗೆಗೆ ಬಂದಿದೆ, ಅಜ್ಜನನ್ನು ಕೊಡಿ' ಎಂದಿದ್ದರೆ, ಆ ಲೇಬಲ್ಲನ್ನು ನಾನೇ ಬಿಡಿಸಿ ಕೊಡುತ್ತಿದ್ದೆನೋ. ಆಗ ಅದು ನಾನು ಕೊಟ್ಟದ್ದಾಗುತ್ತಿತ್ತು. ಕಾರಿನಲ್ಲಿ ಪ್ರಿಂಟಿಂಗಿನವರ ಮೇಲೆ ಹಾಕಿ ಹೇಳಿದ ಆ ಸಲೀಸಾದ ಸುಳ್ಳು, ಅದನ್ನು ನುಂಗುವುದೇ ಕಷ್ಟವಾಯಿತು.

ಬಗ್ಗಿ ಶೂಸು ಬಿಚ್ಚುತ್ತ ಅವನು 'ಥ್ಯಾಂಕ್ಸ್ ಅಮ್ಮ' ಎಂದ. ನಾನು ಕಾದದ್ದು ಬೇರೆ ಮಾತಿಗೆ. ಅದು ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಎರಡು ತಿಂಗಳ ನಂತರ ನನ್ನ ವೀಸಾ ರಿನ್ಯೂ ಮಾಡಿಸಲು ಮಗ ನನ್ನನ್ನು ಟೈಪಿಂಗ್ ಸೆಂಟರಿಗೆ ಕರೆದುಕೊಂಡು ಹೋದ. ಅರ್ಜಿ ಟೈಪ್ ಮಾಡಿಕೊಡುವ ಸಣ್ಣ ಅಂಗಡಿ ಅದು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಮಲಯಾಳಿ ಹುಡುಗಿ ಪಾಸ್‌ಪೋರ್ಟಿನ ಕೊನೆಯ ಪುಟ ತಿರುಗಿಸಿ, ತನಗೆ ಬರುವ ಕನ್ನಡದಲ್ಲಿ ಕೇಳಿದಳು: 'ಫಾದರ್ಸ್ ನೇಮ್ ಇದೇ ಅಲ್ವಾ ಅಮ್ಮಚ್ಚಿ? ಒಮ್ಮೆ ನೋಡಿ ಹೇಳಿ.'

ನಾನು ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬಿದ್ದ ಅಕ್ಷರಗಳನ್ನು ಒಂದೊಂದಾಗಿ, ಗಟ್ಟಿಯಾಗಿ, ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಓದಿದೆ. ಅಂಗಡಿಯಲ್ಲಿ ನಾಲ್ಕೈದು ಜನ ತಿರುಗಿ ನೋಡಿದರು. 'ಕರೆಕ್ಟ್' ಎಂದೆ. ಮಗ ಬಾಗಿಲ ಬಳಿ ನಿಂತು ಫೋನು ನೋಡುತ್ತಿದ್ದ. ಹುಡುಗಿ ಒಂದು ಗುಂಡಿ ಒತ್ತಿದಳು, ಪರದೆ ಬದಲಾಯಿತು, 'ಸ್ಪಾನ್ಸರ್ಸ್ ನೇಮ್?' ಎಂದು ಅವನ ಕಡೆ ತಿರುಗಿ ಕೇಳಿದಳು.